ಬಟ್ಟಲಿನ ಮೇಲೆ ಸೇವಾರ್ಥ

ನನ್ನ ಪಕ್ಕದ ಮನೆಯ ಸೇತುರಾಮನಿಗೆ ಚೀನಾ ಪಿಂಗಾಣಿಯ ಹುಚ್ಚು ಹಿಡಿದದ್ದು ದಂಡು ಪ್ರದೇಶದ ಹರಾಜುಗಳಲ್ಲಿ. ಬಿಳಿಯರು ಬಂಗಲೆ ಖಾಲಿ ಮಾಡಿಕೊಂಡು ಹೊರಟಿದ್ದ ಕಾಲ. ಬಂದವರೆಲ್ಲ ಮಂಚಕ್ಕೆ, ಬೀರುವಿಗೆ, ಗ್ರಾಮಾಫೋನಿಗೆ ಕೂಗುತ್ತಿದ್ದರೆ ಇವನು ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತು ತಟ್ಟೆ ಬಟ್ಟಲುಗಳ ತಳ ತಿರುಗಿಸಿ ನೋಡುತ್ತಿದ್ದ. ಜೊತೆಗೆ ಹೋಗಿ ಬಿಸಿಲಲ್ಲಿ ಒಣಗುತ್ತಿದ್ದವನು ನಾನು. ಸರ್ವೇ ಇಲಾಖೆಯಲ್ಲಿ ನಕ್ಷೆ ಬರೆಯುವ ಕೆಲಸ ಅವನದು. ಮಕ್ಕಳಿಲ್ಲ, ಬೀಡಿಯಿಲ್ಲ, ಇಸ್ಪೀಟಿಲ್ಲ. ಇರಲಿ ಬಿಡು, ಮನುಷ್ಯನಿಗೆ ಒಂದು ಹುಚ್ಚಾದರೂ ಬೇಡವೇ ಎಂದುಕೊಂಡಿದ್ದೆ.

ಜಯನಗರದ ಮೂರನೇ ಬ್ಲಾಕಿನ ಅವನ ಮನೆಯಲ್ಲಿ ಗಾಜಿನ ಬೀರು ತುಂಬಿತು. ಅವನ ಹೆಂಡತಿ ಚೂಡಾಮಣಿ ಅದರ ಹತ್ತಿರವೂ ಸುಳಿಯುತ್ತಿರಲಿಲ್ಲ. ಪಿಂಗಾಣಿಗೆ ಮೂಳೆಯ ಬೂದಿ ಬೆರೆಸುತ್ತಾರೆಂದು ಯಾರೋ ಆಕೆಯ ಕಿವಿಗೆ ಹಾಕಿದ್ದರು. ಅದು ಇಂಗ್ಲಿಷಿನವರ ಪದ್ಧತಿ, ಚೀನಾದವರದು ಬರೀ ಮಣ್ಣು ಎಂದು ಸೇತು ಎಷ್ಟು ಹೇಳಿದರೂ ಆಕೆಯದು ಒಂದೇ ಮಾತು: "ಅದು ನಾವು ಮುಟ್ಟೋ ಪದಾರ್ಥ ಅಲ್ಲ." ಹಾಗಾದರೆ ಉಪ್ಪಿನಕಾಯಿ ಜಾಡಿ ಮಾತ್ರ ಹೇಗೆ ಅಡುಗೆಮನೆಗೆ ಬಂತು ಎಂದು ಕೇಳಿ ನಾನು ಒಮ್ಮೆ ಬೈಸಿಕೊಂಡಿದ್ದೆ.

ಆ ಬೀರುವಿನಲ್ಲಿದ್ದ ಮುಕ್ಕಾಲು ಪಾಲು ನಕಲಿ. ಅದು ಅವನಿಗೇ ಗೊತ್ತಿತ್ತು. ತಳದಲ್ಲಿ ಯಾವುದೋ ಹಳೆಯ ಚಕ್ರವರ್ತಿಯ ಮುದ್ರೆ ಬರೆದು ನಿನ್ನೆ ಮೊನ್ನೆ ಸುಟ್ಟ ಮಾಲು ಮಾರುವವರು ಚೀನಾದಲ್ಲೂ ಬೇಕಾದಷ್ಟು ಇದ್ದರಂತೆ. "ಮುದ್ರೆ ನಂಬಬಾರದು ಕಣೋ, ಪಾದ ನೋಡ್ಬೇಕು," ಎನ್ನುತ್ತಿದ್ದ. ಬಟ್ಟಲು ನಿಲ್ಲುವ ಅಂಚಿನಲ್ಲಿ ಹೊಳಪು ಬಳಿಯದ ಬರಿಮಣ್ಣು ಕಾಣುತ್ತದಲ್ಲ, ಅದೇ ಪಾದ. ಒಂದೇ ಒಂದು ಬಟ್ಟಲಿನ ಮೇಲೆ ಅವನ ಜೀವವೆಲ್ಲ ಇತ್ತು. ಬಿಳಿ ಮೈ, ಸುತ್ತ ನೀಲಿ ಬಳ್ಳಿ, ಒಳಗೊಂದು ಮೀನು. ದಿನಾ ಬೆಳಿಗ್ಗೆ ಅದನ್ನು ಅಂಗೈ ಮೇಲಿಟ್ಟುಕೊಂಡು ಉಗುರಿನಿಂದ ತಟ್ಟುತ್ತಿದ್ದ. ದೇವರ ಮನೆಯ ಗಂಟೆಗಿಂತ ಚೆನ್ನಾದ ನಾದ ಬರುತ್ತಿತ್ತು.

ಅದು ನಿಜಕ್ಕೂ ನಾನೂರು ವರ್ಷ ಹಳೆಯದು ಎಂದು ಬಲ್ಲವರೊಬ್ಬರ ಬಾಯಲ್ಲಿ ಕೇಳಬೇಕು, ಅಷ್ಟೇ ಅವನ ಆಸೆ. ಆಮೇಲೆ ಯಾವುದಾದರೂ ಮ್ಯೂಸಿಯಂಗೆ ಕೊಟ್ಟುಬಿಡುವುದು. ಪಕ್ಕದಲ್ಲಿ ಕೊಟ್ಟವನ ಹೆಸರಿನ ಚೀಟಿ ಇಡುತ್ತಾರೆ. "ಮಕ್ಕಳಿಲ್ಲದೋನ ಹೆಸರು ಅಲ್ಲಾದ್ರೂ ಇರ್ಲಿ," ಎಂದು ಒಂದು ಸಲ ಚೂಡಾಮಣಿಯ ಎದುರಿಗೇ ಹೇಳಿಬಿಟ್ಟ. ಆಕೆ ಒಳಗೆ ಹೋದರು.

ಅರವತ್ತೊಂದನೇ ಇಸವಿಯಲ್ಲಿ ಆ ಬಲ್ಲವರು ಸಿಕ್ಕರು. ಗುರುಶಾಂತಪ್ಪನವರು ಧಾರವಾಡದ ಕಡೆಯವರು, ಕಲ್ಕತ್ತೆಯ ಒಂದು ಮ್ಯೂಸಿಯಂನಲ್ಲಿ ಪಿಂಗಾಣಿಯ ವಿಭಾಗ ನೋಡಿಕೊಳ್ಳುತ್ತಿದ್ದರು. ಬಸವನಗುಡಿಯ ತಂಗಿಯ ಮನೆಗೆ ಬಂದಿದ್ದವರು, ಭಾನುವಾರ ಬಂದು ನೋಡುತ್ತೇನೆ, ಸರಿಯಿದ್ದರೆ ಜೊತೆಗೇ ಕಲ್ಕತ್ತೆಗೆ ಒಯ್ಯುತ್ತೇನೆ ಎಂದರು. ಸೇತು ಬಟ್ಟಲನ್ನು ಹತ್ತಿ ಹಾಸಿದ ಮರದ ಪೆಟ್ಟಿಗೆಯಲ್ಲಿಟ್ಟು, ಆಫೀಸಿನ ಕೆಲಸದ ಮೇಲೆ ಕೋಲಾರಕ್ಕೆ ಕ್ಯಾಂಪ್ ಹೋದ.

ಅವನು ವಾಪಸು ಬಂದು ಮುಖ ತೊಳೆಯುವ ಹೊತ್ತಿಗೆ ಭಾನುವಾರದ ಅತಿಥಿ ಬಂದು ಕೂತಿದ್ದರು. ನಾನೂ ಇದ್ದೆ. ಸೇತು ಪೆಟ್ಟಿಗೆ ತಂದು ಮೇಜಿನ ಮೇಲಿಟ್ಟು ಮುಚ್ಚಳ ತೆಗೆದ. ಬಟ್ಟಲಿಗೆ ಒಂದು ರೇಷ್ಮೆಯ ರವಿಕೆ ಕಣ ಸುತ್ತಿತ್ತು. ಇದ್ಯಾವುದು ಎಂಬಂತೆ ನನ್ನ ಕಡೆ ನೋಡಿ, ಬಿಚ್ಚಿದ. ಬಳ್ಳಿಯ ಕೆಳಗಿನ ಬಿಳಿ ಜಾಗದಲ್ಲಿ ದುಂಡಗೆ ಅಕ್ಷರ ಕೆತ್ತಿತ್ತು: ಸೇತುರಾಮಯ್ಯನವರ ಸೇವಾರ್ಥ. ಕೊನೆಯ ಅಕ್ಷರದ ಬುಡದಿಂದ ಅಂಚಿನವರೆಗೆ ಕೂದಲೆಳೆಯಷ್ಟು ಸಣ್ಣ ಬಿರುಕು ಬಿಟ್ಟಿತ್ತು.

ಬಾಗಿಲಲ್ಲಿ ಕಾಫಿ ಹಿಡಿದು ನಿಂತಿದ್ದ ಚೂಡಾಮಣಿ ಮದುವೆ ಹೆಣ್ಣಿನ ಹಾಗೆ ನಾಚಿಕೊಂಡಿದ್ದರು. "ದೇವಸ್ಥಾನಕ್ಕೆ ಒಂದು ಕೊಳಗ ಕೊಟ್ರೂ ಹೆಸರು ಹಾಕ್ಸಿ ಕೊಡ್ತೀವಿ. ಚೀಟಿ ಇವತ್ತಿರತ್ತೆ, ನಾಳೆ ಬಿದ್ದುಹೋಗತ್ತೆ. ಪಾತ್ರೆ ಅಂಗಡಿ ಕೊಟ್ರಪ್ಪ ಮೊದ್ಲು ಆಗಲ್ಲ ಅಂದ. ಗಾಜು ಕೊಯ್ಯೋ ವಜ್ರದ ಮೊನೆ ತರ್ಸಿ, ನಾನೇ ಪಕ್ಕದಲ್ಲಿ ಕೂತು ಮೆಲ್ಲಗೆ ಕೆತ್ತಿಸ್ದೆ. ದಾರಿ ಪೂರ್ತಿ ಮಡಿಲಲ್ಲೇ ಇಟ್ಕೊಂಡು ಬಂದೆ," ಎಂದರು.

ಮುಟ್ಟಬಾರದ ಪದಾರ್ಥವನ್ನು ಆ ಹೆಂಗಸು ಮಡಿಲಲ್ಲಿಟ್ಟುಕೊಂಡು ತಂದಿದ್ದರು. ನನಗೆ ಅಳು ಬಂತು, ಸಿಟ್ಟೂ ಬಂತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಅದನ್ನು ಕಣ್ಣಾರೆ ಕಂಡದ್ದು ಅವತ್ತು.

ಸೇತು ಅಕ್ಷರಗಳನ್ನು ನೋಡಿದ. ಹೆಂಡತಿಯ ಮುಖ ನೋಡಿದ. ಅಷ್ಟರಲ್ಲಿ ಗುರುಶಾಂತಪ್ಪನವರು ಬಟ್ಟಲು ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹೋಗಿದ್ದರು. ಭೂತಗನ್ನಡಿ ಹಿಡಿದು ನೀಲಿಯನ್ನು ನೋಡಿದರು, ಬಿರುಕನ್ನು ನೋಡಿದರು, ಮಗುಚಿ ಹಿಡಿದು ಪಾದದ ಮೇಲೆ ಬೆರಳಾಡಿಸಿದರು. ಬೆರಳು ಅಲ್ಲೇ ಸ್ವಲ್ಪ ಹೊತ್ತು ನಿಂತಿತು. ಏನೋ ಹೇಳಲು ಬಾಯಿ ತೆರೆದರು.

ಸೇತು ತಡೆದ. ಇಂಗ್ಲಿಷಿನಲ್ಲಿ, ಆಫೀಸಿನ ದನಿಯಲ್ಲಿ ಹೇಳಿದ: ತಮ್ಮ ಅಭಿಪ್ರಾಯ ಏನೇ ಇರಲಿ, ಅದು ನನಗೆ ಬೇಡ. ಇದು ನಕಲಿ ಎಂದು ದಯವಿಟ್ಟು ನನ್ನ ಹೆಂಡತಿಗೆ ಕನ್ನಡದಲ್ಲಿ ಹೇಳಿ.

ಚೂಡಾಮಣಿಗೆ ಇಂಗ್ಲಿಷ್ ಬಾರದು. ಗುರುಶಾಂತಪ್ಪನವರು ಅವನನ್ನೇ ನೋಡಿದರು. ಆಮೇಲೆ ಬಟ್ಟಲನ್ನು ಮೇಜಿನ ಮೇಲಿಟ್ಟು ಆಕೆಯ ಕಡೆ ತಿರುಗಿ, "ಇದು ನಕಲಿ ಅದ ರೀ ತಾಯಿ. ಇತ್ತಿತ್ತಲಾಗಿಂದು. ಮ್ಯೂಸಿಯಂಕ ಆಗೂದಿಲ್ಲ," ಎಂದರು.

ಆಕೆಯ ಕಣ್ಣಲ್ಲಿ ನೀರು ತುಂಬಿತು. ಅದು ಗಂಡನಿಗಾಗಿ. "ಹೋಗ್ಲಿ ಬಿಡಿ. ನಿಮಗೆ ಮೋಸ ಮಾಡ್ದೋರಿಗೆ ಒಳ್ಳೇದಾಗಲ್ಲ," ಎಂದು ಎಲ್ಲರಿಗೂ ಕಾಫಿ ಕೊಟ್ಟರು.

ಗೇಟಿನ ಹತ್ತಿರ ನಾನು ಗುರುಶಾಂತಪ್ಪನವರನ್ನು ಹಿಡಿದುಕೊಂಡೆ. "ನಿಜ ಹೇಳಿ ಸಾರ್, ಅಸಲಿಯೋ ನಕಲಿಯೋ?"

"ಅವರು ಹೇಳ್ರಿ ಅಂದದ್ದು ಹೇಳೀನ್ರಿ," ಎಂದರು. "ಖರೇದು ಬೇಕಾದ್ರ ಅವರೇ ಬಂದು ಕೇಳಲಿ. ಗುರುವಾರದ ತನಕ ತಂಗಿ ಮನ್ಯಾಗ ಇರ್ತೀನಿ."

ಆ ಸಂಜೆ ಯಡಿಯೂರು ಕೆರೆಯ ಏರಿಯ ಮೇಲೆ ನಡೆಯುತ್ತ ಸೇತುವಿಗೆ ಅದನ್ನು ಹೇಳಿದೆ. ಮರುದಿನವೂ ಹೇಳಿದೆ. ಬುಧವಾರದ ಹೊತ್ತಿಗೆ ನನಗೆ ರೇಗಿಹೋಗಿತ್ತು. "ಬಸವನಗುಡಿ ಏನು ಕಾಶೀನಾ? ಇದೊಂದು ಮಾತು ಕೇಳ್ಬೇಕು ಅಂತ ಅರ್ಧ ಆಯಸ್ಸು ಕಳೆದೆ. ಹೋಗಿ ಕೇಳಿಬಿಡೋ," ಎಂದೆ.

"ಕೇಳಿ ಏನ್ ಮಾಡ್ಲಿ?" ಎಂದ. "ಅಸಲಿ ಅಂದ್ರೆ ಅವಳ ಮುಖ ನೋಡೋಕಾಗಲ್ಲ. ನಕಲಿ ಅಂದ್ರೆ ಕನ್ನಡೀಲಿ ನನ್ನ ಮುಖ ನೋಡ್ಕೊಳೋಕಾಗಲ್ಲ. ನಡಿ, ಕತ್ತಲಾಯ್ತು."

ಗುರುವಾರ ಕಳೆಯಿತು. ಗುರುಶಾಂತಪ್ಪನವರು ಕಲ್ಕತ್ತೆಗೆ ಹೋದರು, ವರ್ಷದೊಳಗೆ ಅಲ್ಲೇ ತೀರಿಕೊಂಡರು. ಸುದ್ದಿ ಹೇಳಿದಾಗ ಸೇತು "ಒಳ್ಳೇ ಮನುಷ್ಯ" ಎಂದು ಪೇಪರು ಮಡಿಸಿಟ್ಟ. ಬೇರೆ ಯಾರಿಗಾದರೂ ತೋರಿಸೋಣವೆಂದರೆ, ಮೊದಲ ಬಾರಿಗೆ ನನ್ನ ಮೇಲೆ ಹರಿಹಾಯ್ದ. ಹರಾಜಿನ ಕಡೆ ಮತ್ತೆ ತಲೆ ಹಾಕಲಿಲ್ಲ.

ನಕಲಿ ಎಂದಾದ ಮೇಲೆ ಅದಕ್ಕೆ ಗಾಜಿನ ಬೀರು ಯಾಕೆ? ಅಡುಗೆಮನೆಗಂತೂ ಸಲ್ಲದು. ಗಂಡನ ಹೆಸರಿದೆ, ಎಸೆಯಲೂ ಬಾರದು. ಚೂಡಾಮಣಿ ಅದನ್ನು ಬಚ್ಚಲುಮನೆಯ ಗೂಡಿನಲ್ಲಿ ಸೀಗೆಪುಡಿಗೆ ಇಟ್ಟಿದ್ದಾರೆ. ಈಗಲೂ ಶನಿವಾರ ಶನಿವಾರ ಅದರಿಂದ ಪುಡಿ ತೆಗೆದು ಅವನ ತಲೆ ಉಜ್ಜುತ್ತಾರೆ, ಕಾಂಪೌಂಡಿನ ಈಚೆ ನನಗೆ ಮಾತೆಲ್ಲ ಕೇಳಿಸುತ್ತದೆ.

"ಅಲ್ಲಾ, ಇಷ್ಟು ವರ್ಷ ಇದನ್ನ ದಿನಾ ತಟ್ಟಿ ತಟ್ಟಿ ಕೇಳ್ತಿದ್ರಲ್ಲ," ಎಂದು ಆಕೆ ನಗುತ್ತಾರೆ, "ಅಸಲೀನೋ ನಕಲೀನೋ ನಿಮಗೆ ಗೊತ್ತೇ ಆಗ್ಲಿಲ್ವೇ?"

"ಇಲ್ಲ ಕಣೇ," ಎನ್ನುತ್ತಾನೆ ಸೇತು, "ಗೊತ್ತೇ ಆಗ್ಲಿಲ್ಲ."