ಆಸರಿಗೆ ಲೆಕ್ಕಕ್ಕಿಲ್ಲ

"ಇನ್ನೂರಾ ಹದಿನಾರು," ಎಂದಳು ದವಾಖಾನೆಯ ನರ್ಸ್ ಜಯಾ, ಬೆರಳಿಗೆ ಹತ್ತಿ ಒತ್ತುತ್ತ. "ಮಾವ, ರಾತ್ರೆ ಉಂಡ ಮೇಲೆ ಎಂತಾದ್ರೂ ತಿಂದ್ರಾ?"

"ಎಂತದೂ ಇಲ್ಲೆ ತಂಗಿ. ಆನೆಂತಕ್ಕೆ ಸುಳ್ಳು ಹೇಳ್ಲಿ?"

ಮಂಜಪ್ಪ ಹೆಗಡೆ ಸುಳ್ಳು ಹೇಳುವವನಲ್ಲ. ಇಪ್ಪತ್ತಾರು ವರ್ಷದಿಂದ ಮನ್ಮನೆ ಸುತ್ತಿನ ಟಪಾಲು ಹಂಚುವವನು, ದಿನಕ್ಕೆ ಎಂಟು ಮೈಲಿ ಕಾಲ್ನಡಿಗೆ. ಇಷ್ಟು ನಡೆಯುವವನಿಗೂ ಸಕ್ಕರೆ ಕಾಯಿಲೆಯೇ ಎಂದು ಊರೆಲ್ಲ ತಮಾಷೆ ಮಾಡಿತ್ತು. ಖಾಲಿ ಹೊಟ್ಟೆಯ ಸಕ್ಕರೆ ಇಳಿಯಲಿಲ್ಲವೆಂದು ಡಾಕ್ಟರು ಎರಡು ಸಲ ಗುಳಿಗೆ ಏರಿಸಿದ್ದರು. ಆಮೇಲೆ ಶುರುವಾಯಿತು ನೋಡಿ, ಹನ್ನೊಂದು ಗಂಟೆಯಾದರೆ ಬೆವರು, ನಡುಕ. ಮೊನ್ನೆ ಹಳ್ಳ ದಾಟುವ ಮರದ ಸಂಕದ ಮೇಲೆ ಕಣ್ಣು ಕತ್ತಲಿಟ್ಟು ಕುಸಿದ. ಪಕ್ಕದ ಗದ್ದೆಯಲ್ಲಿ ಕೆಲಸ ಮಾಡುತ್ತಿದ್ದ ಕೆರಿಯ ಓಡಿ ಬಂದು ರಟ್ಟೆ ಹಿಡಿಯದಿದ್ದರೆ ಚೀಲದ ಸಮೇತ ನೀರುಪಾಲು. ಇನ್ನೊಮ್ಮೆ ಹೀಗಾದರೆ ಚೀಲ ಬೇರೆಯವರಿಗೆ ಕೊಡಬೇಕಾಗುತ್ತದೆ ಎಂದಿದ್ದರು ಪೋಸ್ಟ್ ಮಾಸ್ತರರು. ಅಂದಿನಿಂದ ಹೆಗಡೆಗೆ ಅನ್ನ ಸೇರುತ್ತಿರಲಿಲ್ಲ.

"ನಡೆದು ಬೈಂದ್ರಿ, ನೀರು ಕೊಡ್ಲಾ?"

"ಬ್ಯಾಡ. ಆಸ್ರಿಗೆ ಕುಡ್ಕಂಡೇ ಹೊರಟಿದ್ದಿ."

ಜಯಾಳ ಕೈ ನಿಂತಿತು. "ಎಂತ ಆಸ್ರಿಗೆ?"

"ಕಷಾಯ. ಹಾಲು ಬೆಲ್ಲ ಹಾಕಿದ್ದು, ಒಂದು ದೊಡ್ಡ ಲೋಟ."

"ರಕ್ತ ಕೊಡಕ್ಕೆ ಬಪ್ಪಾಗೆಲ್ಲ ಕುಡದೇ ಬತ್ರಾ?"

"ಅದೆಂತ ತಿಂಡಿಯಾ ತಂಗಿ? ಆಸ್ರಿಗೆ ಅಲ್ದಾ?"

ಜಯಾಳಿಗೆ ನಗು, ಸಿಟ್ಟು ಒಟ್ಟಿಗೇ ಬಂತು. ಬಾಯಾರಿಕೆಗೆಂದು ಕೊಡುವ ಆಸರಿಗೆಯನ್ನು ಆ ಸೀಮೆಯಲ್ಲಿ ಹೊಟ್ಟೆಗೆ ಹೋದದ್ದೆಂದು ಯಾರೂ ಎಣಿಸುವುದಿಲ್ಲ. ಅವಳ ಅಪ್ಪನೂ ಎಣಿಸುವುದಿಲ್ಲ. ತಾನಾದರೂ ತಿಂದ್ರಾ ಎಂದು ಕೇಳಿದ್ದೇ ಹೊರತು ಕುಡಿದ್ರಾ ಎಂದು ಕೇಳಿರಲಿಲ್ಲ.

ಮರುದಿನ ಹೆಗಡೆ ನಿಜವಾದ ಖಾಲಿ ಹೊಟ್ಟೆಯಲ್ಲಿ ಬಂದ. ನೂರಾ ಹದಿನೆಂಟು. ಟಪಾಲು ಹಂಚುತ್ತ ಹನ್ನೊಂದಕ್ಕೆ ಇನ್ನೊಮ್ಮೆ ಬನ್ನಿ ಎಂದಿದ್ದಳು. ಬಂದಾಗ ಬರೀ ಅರವತ್ತು, ಮಾತು ತೊದಲುತ್ತಿತ್ತು. ಜಯಾ ಸಕ್ಕರೆ ನೀರು ಕುಡಿಸಿ, ಎದುರಿಗೇ ಕೂರಿಸಿಕೊಂಡು ಸಿದ್ದಾಪುರದ ಡಾಕ್ಟರಿಗೆ ಫೋನು ಹಚ್ಚಿದಳು. ಕಷಾಯದ ಬೆಲ್ಲವನ್ನು ಕಾಯಿಲೆಯೆಂದು ತಿಳಿದು ಏರಿಸಿದ್ದ ಗುಳಿಗೆಯನ್ನು ಅವರು ಮೊದಲಿನ ಅಳತೆಗೇ ಇಳಿಸಿದರು. ಹದಿನೈದು ದಿನ ಹನ್ನೊಂದರ ಹೊತ್ತಿಗೆ ಬೆರಳು ಚುಚ್ಚಿ ನೋಡಿದಳು. ನಡುಕ ಮತ್ತೆ ಬರಲಿಲ್ಲ.

ತಿಂಗಳು ಕಳೆದು ಒಂದು ದಿನ ಹೆಗಡೆ ಬಾಗಿಲಲ್ಲಿ ನಿಂತು "ಪೋಸ್ಟ್" ಎಂದ. ಜಯಾಳ ಕೈಗೆ ಕಾರ್ಡು ಕೊಟ್ಟವನು ಮುಖ ನೋಡದೆ ಮೆಟ್ಟಿಲಿಳಿದ. ಕಾರ್ಡಿಗೆ ಮನ್ಮನೆಯದೇ ಸೀಲು.

"ತಂಗಿ ಜಯಾಗೆ ಮಂಜಪ್ಪ ಮಾವನ ಆಶೀರ್ವಾದ. ಬಾಯಲ್ಲಿ ಹೇಳಕ್ಕೆ ಬತ್ತಿಲ್ಲೆ, ಅದಕ್ಕೆ ಬರದ್ದಿ. ಚೀಲ ಯನ್ನ ಹೆಗಲ ಮೇಲೇ ಇದ್ದು. ಅದು ನಿನ್ನ ಉಪಕಾರ. ಈ ಕಾರ್ಡು ಆನೇ ನಡಕಂಡು ಬಂದು ಕೊಟ್ಟಿದ್ದಿ."

ಓದಿ ಮುಗಿಸಿ ಜಯಾ ಬಾಗಿಲಿಗೆ ಬರುವಷ್ಟರಲ್ಲಿ ಅವನು ತಿರುವಿನ ಆಚೆ ಹೋಗಿಯಾಗಿತ್ತು.