ತಮ್ಮನ ನಿದ್ದೆಗೆ ಒಗ್ಗಿದ ಪ್ರೊಸೆಸರ್

ರಿಪೇರಿ ಅಂಗಡಿಯ ಮೇಜಿನ ಮೇಲೆ ಎರಡು ಹಳೇ ಕಂಪ್ಯೂಟರುಗಳು ಅಕ್ಕತಂಗಿಯರ ಹಾಗೆ ಕೂತಿದ್ದವು. ಬೆಲೆ ಒಂದೇ, ಒಳಗಿನ ಪ್ರೊಸೆಸರ್ ಮಾತ್ರ ಬೇರೆ. ಚಿತ್ರಕಲಾ ಕಾಲೇಜಿಗೆ ಈ ವಾರವೇ ಕಳಿಸಬೇಕಾದ, ತಾನೇ ಬರೆದ ಮೀನುಗಳ ಚಲಿಸುವ ಚಿತ್ರವನ್ನು, ಅಮ್ಮನ ಜೊತೆ ಒಂದನ್ನು ಕೊಳ್ಳಲು ಬಂದಿದ್ದ ಮಗಳು ಎರಡರಲ್ಲೂ ಹಾಕಿಸಿದಳು. ಅಮ್ಮನ ಹೆಗಲ ಮೇಲೆ ಪುಟ್ಟ ತಮ್ಮ ಬಾಯಿ ತೆರೆದುಕೊಂಡೇ ನಿದ್ದೆಹೋಗಿದ್ದ.

ಮೊದಲನೆಯದು ಬಿಡಿ ಚಿತ್ರಗಳನ್ನೆಲ್ಲ ಜೋಡಿಸಿ ನಾಲ್ಕೇ ನಿಮಿಷದಲ್ಲಿ ಚಲಿಸುವ ಚಿತ್ರ ಸಿದ್ಧಮಾಡಿತು. ಆದರೆ ಬಿಸಿಯೇರಿ ಅದರ ಫ್ಯಾನು ಭೋರೆಂದಿತು. ತಮ್ಮ ಬೆಚ್ಚಿಬಿದ್ದು ಸೂರು ಹಾರಿಹೋಗುವ ಹಾಗೆ ಅತ್ತ.

"ನೋಡಿದ್ಯಾ ಅಮ್ಮಾ, ಏನ್ ಸ್ಪೀಡು!" ಎಂದಳು ಮಗಳು.

"ನೋಡ್ದೆ. ಇವನ ಗಂಟಲೂ ಏನ್ ಕಮ್ಮಿ ಇಲ್ಲ," ಎಂದಳು ಅಮ್ಮ, ಬೆನ್ನು ತಟ್ಟುತ್ತಾ.

"ಇನ್ನೊಂದು ನಿಧಾನ ಕಣಮ್ಮ, ಆದ್ರೆ ತಣ್ಣಗಿರುತ್ತೆ," ಎಂದರು ರಿಪೇರಿಯವರು.

ತಮ್ಮ ಮತ್ತೆ ಮಲಗಿದ ಮೇಲೆ ಅದನ್ನು ಚಾಲೂ ಮಾಡಿದರು. ಒಂಬತ್ತು ನಿಮಿಷ ಹಿಡಿಯಿತು. ಗಾಳಿ ಸುಳಿದಷ್ಟೇ ಸದ್ದು. ಪರದೆಯ ನೀಲಿ ಬೆಳಕು ತಮ್ಮನ ಕೆನ್ನೆಯ ಮೇಲೆ ತೇಲುತ್ತಿತ್ತು. ಮೀನುಗಳು ಅವನ ಕನಸಿನೊಳಗೇ ಈಜುತ್ತಿವೆಯೇನೋ ಅನ್ನಿಸಿತು ಮಗಳಿಗೆ. ಮನೆಯಲ್ಲಿರುವುದು ಒಂದೇ ಕೋಣೆ. ಅಮ್ಮ ಕೆಲಸಕ್ಕೆ ಹೋದರೆ ಅವನನ್ನು ಎತ್ತಿಕೊಳ್ಳಬೇಕಾದವಳು ತಾನೇ.

"ಇದೇ ಇರ್ಲಿ," ಎಂದಳು ಪಿಸುದನಿಯಲ್ಲಿ.

"ಐದು ನಿಮಿಷ ತಡ ಆಗುತ್ತಲ್ಲೇ?"

"ಆಗ್ಲಿ ಬಿಡಮ್ಮಾ. ಇವನೆದ್ರೆ ಗಂಟೆಗಟ್ಟಲೆ ತೂಗ್ಬೇಕು. ಆಮೇಲೆ ಚಿತ್ರ ಮುಗಿದ ಹಾಗೇ!"

ರಿಪೇರಿಯವರು ನಕ್ಕು, ಸದ್ದಾಗದಂತೆ ಬೆರಳ ತುದಿಯಲ್ಲೇ ವೈರು ಸುತ್ತತೊಡಗಿದರು.