ಹಸಿರು ಅದ್ದಿದ ವಾರ ಕೆಂಪು ಕಲೆ

ನೂಲಿಗೆ ಬಣ್ಣ ಹಾಕೋರ ಮನೇಲಿ ಬಟ್ಟೆ ಒಗೆಯೋ ಪಾಡು ಯಾರಿಗೂ ಬೇಡ. ದೊಡ್ಡಬಳ್ಳಾಪುರದ ಮಗ್ಗಗಳಿಗೆ ನೂಲು ಅದ್ದಿ ಕೊಡೋ ಬೈರಣ್ಣನ ಪಂಚೆಯಲ್ಲಿ ಒಂದಿನ ನೀಲಿ, ಒಂದಿನ ಕೆಂಪು. ಹೆಂಡತಿ ಕದಿರಮ್ಮ ಉಜ್ಜಿ ಉಜ್ಜಿ ಸಾಕಾಗಿ ಕಲೆ ನೋಡೋದನ್ನೇ ಬಿಟ್ಟಿದ್ದಳು. ಹಾಗಿರುವಾಗ ಗಂಡ ತನ್ನ ಬಟ್ಟೆ ತಾನೇ ಒಗೆದುಕೊಳ್ಳೋಕೆ ಶುರುಮಾಡಿದ.

“ಇಷ್ಟು ವರ್ಷ ಇಲ್ಲದ ಮರ್ಯಾದೆ ಈಗ ಎಲ್ಲಿಂದ ಬಂತ್ರೀ?” ಅಂತ ಅವಳು ನಕ್ಕಳು.

“ನಿನ್ನ ಕೈ ನೋಯುತ್ತಲ್ಲೇ,” ಅಂದ ಬೈರಣ್ಣ, ಮುಖ ತಿರುಗಿಸಿಕೊಂಡು.

ನಿಜ ಏನಂದ್ರೆ, ಅವನಿಗೆ ಉಚ್ಚೆಯಲ್ಲಿ ರಕ್ತ ಹೋಗ್ತಿತ್ತು. ನೋವಿಲ್ಲ, ಉರಿಯಿಲ್ಲ. ಬರೋದು, ನಿಂತುಹೋಗೋದು. ಬಣ್ಣವೇ ಮೈಗಿಳಿದು ಹೊರಗೆ ಬರ್ತಿದೆ ಅಂದುಕೊಂಡಿದ್ದ. ಆಮೇಲೊಂದು ದಿನ ಜೊತೆಯವರ ಜೊತೆ ಬೀಡಿ ಸೇದ್ತಾ ಕೂತಿದ್ದಾಗ, ಹೀಗೇ ಉಚ್ಚೇಲಿ ರಕ್ತ ಹೋದ ಇನ್ಯಾರದೋ ವಿಷಯಕ್ಕೆ ಅವರು, “ಅದು ಕೆಟ್ಟ ಸಹವಾಸದ ರೋಗ ಕಣೋ” ಅಂತ ನಕ್ಕಿದ್ದು ಕೇಳಿದ. ಅಲ್ಲಿಂದ ಬಾಯಿ ಕಟ್ಟಿಹೋಯಿತು. ತಪ್ಪು ಮಾಡದವನು ಕಳ್ಳನ ಹಾಗೆ ಓಡಾಡತೊಡಗಿದ.

ಒಂದು ಬೆಳಿಗ್ಗೆ ಮರೆತು ಬಿಟ್ಟ ಪಂಚೆ ಕದಿರಮ್ಮನ ಕೈಗೆ ಸಿಕ್ಕಿತು.

“ಈ ವಾರವೆಲ್ಲಾ ಅದ್ದಿದ್ದು ಗಿಣಿಹಸಿರು. ಈ ಕೆಂಪು ಎಲ್ಲಿಂದ ಬಂತು?”

ಬೈರಣ್ಣ ನೆಲ ನೋಡಿದ. “ನಾನು ಎಲ್ಲೂ ಹೋದವನಲ್ಲ ಕಣೇ.”

“ನಾನು ಕೇಳಿದ್ದು ಅದಲ್ಲ.”

ಉಚ್ಚೇಲಿ ರಕ್ತ ಅಂತ ಅವನ ಬಾಯಿ ಬಿಡಿಸಿ, ಬೀದಿಗೆ ಬಂದಿದ್ದ ನರ್ಸ್ ಅನಸೂಯಮ್ಮನಿಗೆ ಎಲ್ಲಾ ಹೇಳಿ ಅವಳು ಕರೆತಂದಳು. ಬೈರಣ್ಣ ಬಾಗಿಲ ಹಿಂದೆ ಸೇರಿಕೊಂಡ.

“ಅಲ್ಲೇ ಇರಿ ಬೈರಣ್ಣ, ಕಿವಿ ಇತ್ತ ಕೊಟ್ರೆ ಸಾಕು,” ಅಂದಳು ಅನಸೂಯಮ್ಮ. “ಇದು ಸಹವಾಸದ ಮಾತಲ್ಲ. ಕಲ್ಲಿರಬಹುದು, ಸೋಂಕಿರಬಹುದು. ಮೂತ್ರಚೀಲದಲ್ಲಿ ಕ್ಯಾನ್ಸರ್ ಗಂಟೂ ಇರಬಹುದು. ಬೀಡಿ ಸೇದೋರಿಗೆ, ಕೆಲವು ಬಣ್ಣಗಳಲ್ಲಿ ವರ್ಷಗಟ್ಟಲೆ ಕೈಯಾಡಿಸೋರಿಗೆ ಅದರ ಭಯ ಜಾಸ್ತಿ.”

“ಈಗ ನಿಂತೋಗಿದೆ ಸಿಸ್ಟರಮ್ಮ.”

“ರಕ್ತ ನಿಂತರೆ ಗಂಟು ಹೋಯ್ತು ಅಂತಲ್ಲ. ನೂಲಿನ ಮೇಲೆ ಹತ್ತಿದ ಬಣ್ಣ ಬೇರೆ, ಒಳಗಿಳಿದ ಬಣ್ಣ ಬೇರೆ, ನಿಮಗೆ ನಾನು ಹೇಳಬೇಕಾ? ಗಂಟು ಮೇಲ್ಮೇಲೆ ಇದ್ದರೆ ಹೆರೆದು ತೆಗೀತಾರೆ. ಆಳಕ್ಕಿಳಿದರೆ ಚೀಲಾನೇ ತೆಗೀಬೇಕಾಗಬಹುದು. ಎಷ್ಟು ಇಳಿದಿದೆ ಅಂತ ತಿಳಿಯೋಕೆ ಸ್ಕ್ಯಾನಿಂಗ್ ಮಾಡ್ತಾರೆ, ಸಣ್ಣ ಕೊಳವೆ ಬಿಟ್ಟು ಒಳಗೆ ನೋಡ್ತಾರೆ.”

“ಕೊಳವೆ ಎಲ್ಲಿಂದ ಬಿಡ್ತಾರೆ?”

“ಇರೋ ದಾರಿ ಒಂದೇ ಅಲ್ವಾ? ನೋವಾಗದ ಹಾಗೆ ಮದ್ದು ಹಾಕ್ತಾರೆ ಬಿಡಿ.”

ಕದಿರಮ್ಮ ಸೆರಗು ಬಾಯಿಗಿಟ್ಟುಕೊಂಡಳು. ನಗುವೋ ಅಳುವೋ, ಅವಳಿಗೇ ತಿಳಿಯಲಿಲ್ಲ.

ಬೆಂಗಳೂರಿನ ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದರು, “ಎಷ್ಟು ದಿನದಿಂದ?”

“ಒಂದು ವಾರದಿಂದ,” ಅಂದುಬಿಟ್ಟ ಬೈರಣ್ಣ. ಕದಿರಮ್ಮ ಅವನನ್ನೇ ನೋಡಿದಳು. ಅವನ ಕಿವಿ ಬಿಸಿಯಾಯಿತು. “ಇಲ್ಲ ಸಾರ್, ಯುಗಾದಿಗೂ ಮುಂಚಿನಿಂದ.” ಆಗ ದೀಪಾವಳಿ ಹತ್ತಿರ ಬಂದಿತ್ತು. ಇಷ್ಟು ದಿನ ಪಕ್ಕದಲ್ಲೇ ಮಲಗಿದವಳಿಗೆ ಬಚ್ಚಿಟ್ಟೆನಲ್ಲ ಅನ್ನೋ ನಾಚಿಕೆ, ರಕ್ತದ ನಾಚಿಕೆಗಿಂತ ದೊಡ್ಡದಾಗಿತ್ತು.

ಕೊಳವೆ ಬಿಟ್ಟು ನೋಡಿದಾಗ ಗಂಟು ಕಂಡಿತು, ಕ್ಯಾನ್ಸರೇ ಆಗಿತ್ತು. ಆದರೆ ಆಳಕ್ಕೆ ಇಳಿದಿರಲಿಲ್ಲ. ತೆಗೆದರು. ಮತ್ತೆ ಹುಟ್ಟಬಹುದು, ಹೇಳಿದಾಗೆಲ್ಲ ಬಂದು ತೋರಿಸಬೇಕು ಅಂದರು. ಬೀಡಿ ಬಿಡಿಸಿದರು.

ಕೆಲಸಕ್ಕೆ ಮರಳಿದ ದಿನ ಜೊತೆಯವರು ಕೇಳಿದಾಗ ಬೈರಣ್ಣ ಏನೋ ಸುಳ್ಳು ಹೇಳೋಕೆ ಹೋಗಿ ತಡೆದುಕೊಂಡ. “ಉಚ್ಚೇಲಿ ರಕ್ತ ಹೋಗ್ತಿತ್ತು ಕಣ್ರಪ್ಪಾ,” ಅಂದ. ಯಾರೂ ನಗಲಿಲ್ಲ. ಮಧ್ಯಾಹ್ನ ಅವರಲ್ಲೊಬ್ಬ, ದೊಡ್ಡಬೀರಪ್ಪ, ಹಿಂದೆಯೇ ಬಂದು, ಮೆಲ್ಲಗೆ ಕೇಳಿದ, “ಆ ಆಸ್ಪತ್ರೆಗೆ ಯಾವ ಬಸ್ಸಪ್ಪಾ?”

ಅಣ್ಣಂದಿರೇ, ಅಕ್ಕಂದಿರೇ, ಉಚ್ಚೆಯಲ್ಲಿ ಒಂದೇ ಸಲ ರಕ್ತ ಕಂಡರೂ, ನೋವಿಲ್ಲದಿದ್ದರೂ, ತಾನಾಗೇ ನಿಂತರೂ, ಡಾಕ್ಟರಿಗೆ ತೋರಿಸಿ. ನಾಚಿಕೆಯಾದರೆ ಆಗಲಿ, ನಾಚಿಕೊಂಡೇ ಹೋಗಿ. ಆದರೆ ಹೋಗಿ.